ಯುನಿವರ್ಸಿಟಿಯ ಮನೆತನ ವಿಚಾರಿಸಲು ಹೋದದ್ದು

ನಮ್ಮ ಕಡೆ ಮಗಳನ್ನು ಒಂದು ಮನೆಗೆ ಕೊಡುವ ಮೊದಲು ಆ ಮನೆಯ ಬಗ್ಗೆ ಆ ಮನೆಯವರನ್ನು ಕೇಳುವುದಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ಕೇಳುತ್ತಾರೆ, ಬಸ್ಸಿಗೆ ನಿಂತವರ ಜೊತೆ ಮಾತು ತೆಗೆದು ಕೇಳುತ್ತಾರೆ. ಹುಡುಗ ಕುಡಿಯುತ್ತಾನೋ, ಅತ್ತೆಯ ಬಾಯಿ ಹೇಗೆ, ನೀರಿನ ಅನುಕೂಲ ಇದೆಯೋ ಇಲ್ಲವೋ. ಯಾಕೆ ಕೇಳುತ್ತಿದ್ದೇವೆಂದು ಕೇಳುವವರು ಹೇಳುವುದಿಲ್ಲ. ಹೇಳುವವರಿಗೆ ಅದು ಗೊತ್ತೇ ಇರುತ್ತದೆ, ಗೊತ್ತಿಲ್ಲದವರ ಹಾಗೆ ಇದ್ದು ಎಲ್ಲವನ್ನೂ ಚಲೋ ಎನ್ನುತ್ತಾರೆ. ಕೂಡಿ ಬರುವ ಸಂಬಂಧವನ್ನು ಯಾರು ಕೆಡಿಸುತ್ತಾರೆ? ನನ್ನನ್ನು ತಿಕೋಟಾಕ್ಕೆ ಕೊಡುವಾಗ ನಮ್ಮಪ್ಪ ಹೀಗೆಯೇ ವಿಚಾರಿಸಿದ್ದ. ಮನೆತನ ಬಂಗಾರದಂಥದ್ದು ಎಂದಿದ್ದರಂತೆ. ನೀರಿನ ವಿಷಯ ಮಾತ್ರ ಯಾರೂ ಎತ್ತಿರಲಿಲ್ಲ.

ಹಿರಿಯ ಮಗಳು ವಿಜಯಪುರದ ಯುನಿವರ್ಸಿಟಿಗೆ ಹೊರಟಾಗ ನಾವು ಯಾರನ್ನೂ ಏನೂ ಕೇಳಲಿಲ್ಲ. ಎಂ.ಎ. ಸೀಟು ಸಿಕ್ಕಿತು, ಓಣಿಗೆಲ್ಲ ಪೇಢೆ ಹಂಚಿದೆವು, ಅವಳು ಬೆಳಗಿನ ಬಸ್ಸು ಹತ್ತಿದಳು. ಸಂಜೆ ಬಂದಾಗ ಹೇಗಿದೆ ಎಂದು ಕೇಳಿದರೆ ‘ಚಲೋ ಐತಿ’ ಎನ್ನುತ್ತಿದ್ದಳು. ನಮಗೂ ಅಷ್ಟು ಸಾಕಿತ್ತು. ಎರಡನೆಯ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಗುಳಿಗೆ ನುಂಗಿ ಬಸ್ಸಿಗೆ ಹೋಗುತ್ತಲೇ ಇದ್ದಳು. ಜ್ವರ ಬಿಟ್ಟಿದೆ ಎಂದು ನಮಗೆ ಹೇಳಿದ್ದಳು. ದವಾಖಾನೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಡೆಂಗ್ಯೂ ಎಂದರು. ಅಲ್ಲಿಂದ ಅವಳು ಮನೆಗೆ ಬಂದದ್ದು ಬಸ್ಸಿನಲ್ಲಿ ಅಲ್ಲ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವಳು. ಹೊಲಿಗೆ ಮಾಡುತ್ತೇನೆ, ಬರೆಯುವ ರೂಢಿಯಿಲ್ಲ. ಆದರೆ ಈ ವಿಷಯ ಮಾತಾಡಲು ಹೋದರೆ ಎದುರಿಗಿದ್ದವರು ಸಮಾಧಾನ ಹೇಳಲು ಶುರು ಮಾಡುತ್ತಾರೆ. ಹಾಳೆ ಹಾಗೆ ಮಾಡುವುದಿಲ್ಲ.

ಮರುವರ್ಷ ಕಿರಿಯ ಮಗಳಿಗೂ ಅದೇ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಮನೆಯವರು ಬೇಡ ಎಂದರು. ಅವರು ಒಣದ್ರಾಕ್ಷಿ ಶೆಡ್ಡಿನಲ್ಲಿ ಮಾಲು ಆರಿಸುವವರ ಮೇಲೆ ಮೇಸ್ತ್ರಿ. ಬೇಡ ಎಂದದ್ದನ್ನು ಎರಡನೆಯ ಸಲ ಹೇಳಿ ಗೊತ್ತಿಲ್ಲ. ಅವಳೂ ವಾದ ಮಾಡಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ದಿನದಿನಕ್ಕೆ ಹೆಚ್ಚಾಯಿತು. ಅಪ್ಪನ ತಾಟಿಗೆ ರೊಟ್ಟಿ ಹಾಕುವಾಗ ಅವಳು ಗೋಡೆ ನೋಡುತ್ತಿದ್ದಳು. ಅಡ್ಮಿಶನ್ ಮುಗಿಯುವ ವಾರ ಬಂತು. ಒಂದು ಮುಂಜಾನೆ ಅವರು ಚಹಾ ಕುಡಿಯುತ್ತ ನನ್ನನ್ನು ಕರೆದರು.

“ಒಂದು ಹುಡುಗನ ಮನಿಗೆ ಕೊಡೂದಿದ್ರ ಊರೂರು ಅಡ್ಡಾಡಿ ಕೇಳ್ತಿದ್ವಿ. ಆ ಯುನಿವರ್ಸಿಟಿಗೆ ಮಗಳನ್ನ ಕೊಟ್ವಿ, ಒಬ್ರನ್ನೂ ಕೇಳಲಿಲ್ಲ. ಈ ಸಲ ಕೇಳಿ ಬಾ.”

“ಯಾರನ್ನ ಕೇಳ್ಲಿ? ಸಾಹೇಬ್ರನ್ನ?”

“ಸಾಹೇಬ್ರನ್ನ ಕೇಳಿ ಏನ್ ಮಾಡ್ತಿ? ನಮ್ಮ ಶೆಡ್ಡಿನ ಮಾಲಕ ತನ್ನ ಮಾಲು ಕೆಟ್ಟೈತಿ ಅಂತ ಯಾವತ್ತರ ಅಂದಾನೇನು? ಅಲ್ಲಿ ಕಲಿಯೂ ಹುಡುಗ್ಯಾರನ್ನ ಕೇಳು. ಯಾಕ ಕೇಳಾಕತ್ತಿ ಅಂತ ಹೇಳಬ್ಯಾಡ.”

“ನೀವ ಹೋಗ್ರಿ.”

“ನಾ ಹೋಗಿ ಗೇಟಿನ ಮುಂದ ಹುಡುಗ್ಯಾರ ಕೂಡ ಮಾತು ತಗದ್ರ ಮಂದಿ ಸುಮ್ಮ ಬಿಡ್ತಾರೇನು?”

ಆ ಮಾತು ಸರಿಯಿತ್ತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು.

ಮರುದಿನ ಹಿರಿಯಳು ಹೋಗುತ್ತಿದ್ದ ಬಸ್ಸಿಗೇ ಹೋದೆ. ಆ ಹೊತ್ತಿನ ಬಸ್ಸನ್ನು ನಾನು ಮೊದಲು ಹತ್ತಿರಲಿಲ್ಲ. ಬಸ್ಸು ಇನ್ನೂ ನಿಂತಿರಲಿಲ್ಲ, ಕಿಡಕಿಯೊಳಗೆ ಬ್ಯಾಗು, ದುಪ್ಪಟ್ಟಾ, ಬುತ್ತಿಗಂಟು ಹಾರಿಬಿದ್ದವು. ಒಳಗೆ ಹೋಗಿ ನೋಡಿದರೆ ಎಲ್ಲ ಸೀಟಿನಲ್ಲೂ ಮಂದಿಯ ಬದಲು ಸಾಮಾನು ಕೂತಿತ್ತು. ನಾನು ನಿಂತೆ. ಕಂಡಕ್ಟರ್ ಕೂಗುತ್ತಿದ್ದ: “ಪಾಸಿನವ್ರು ಹಿಂದ ನಡೀರಿ, ಫ್ರೀದವ್ರು ನಡುವ ನಿಂದರ್ರಿ, ರೊಕ್ಕ ಕೊಟ್ಟವ್ರು ಬಾಗಿಲದಾಗ ಜೋತು ಬೀಳ್ರಿ.” ಯಾರೂ ನಗಲಿಲ್ಲ, ದಿನದ ಮಾತಿರಬೇಕು. ಇಟ್ಟಂಗಿಹಾಳದ ಹತ್ತಿರ ಬರುವತನಕ ನನಗೆ ಕೈ ಹಿಡಿಯಲು ಕಂಬಿ ಸಹ ಸಿಗಲಿಲ್ಲ. ಹಿರಿಯಳು ಸಂಜೆ ಬಂದು ಕೂತೊಡನೆ ಗೋಡೆಗೆ ಬೆನ್ನು ಹಚ್ಚುತ್ತಿದ್ದಳು. ಓದಿ ದಣಿದಿರುತ್ತಾಳೆ ಎಂದು ನಾನು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದೆ.

ಯುನಿವರ್ಸಿಟಿ ಊರ ಹೊರಗಿದೆ. ಕಮಾನು ಬಹಳ ದೊಡ್ಡದು. ಸಿಟಿ ಬಸ್ಸು ಕಮಾನಿನ ಹೊರಗೇ ಇಳಿಸಿ ಹೋಗುತ್ತದೆ, ಒಳಗೆ ಕಟ್ಟಡಗಳವರೆಗೆ ಬಿಸಿಲಿನಲ್ಲಿ ನಡೆಯಬೇಕು. ಎದುರಿಗೆ ಒಬ್ಬ ಹೆಂಗಸು ನಡೆಸುವ ಚಹಾ-ಭಜಿ ಅಂಗಡಿ. ನಾನು ಪದ್ಧತಿಯ ಪ್ರಕಾರ ಅಲ್ಲೇ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮೂವರು ಹುಡುಗಿಯರು ಬಂದು ಎದುರು ಬೆಂಚಿನಲ್ಲಿ ಕೂತು ಮಿರ್ಚಿ ಭಜಿ ಹೇಳಿದರು. ನಾನು ಅವರಲ್ಲಿ ತುದಿಗೆ ಕೂತವಳ ಜೊತೆ ಮಾತು ತೆಗೆದೆ.

“ಯಾವೂರವ್ವಾ ನಿಂದು?”

“ಬಬಲೇಶ್ವರ್ರಿ.”

“ದಿನಾ ಹೋಗಿ ಬಂದು ಮಾಡ್ತಿಯೇನು?”

“ಹೌದ್ರಿ.” ಅವಳು ಉಳಿದಿಬ್ಬರ ಕಡೆ ಒಮ್ಮೆ ನೋಡಿ, ದುಪ್ಪಟ್ಟಾ ತಲೆಯ ಮೇಲೆ ಎಳೆದುಕೊಂಡಳು. “ಬಸ್ಸು ಭಾಳ ಅನುಕೂಲ ಅದಾವ್ರಿ.”

“ಮುಂಜಾನಿ ಎಷ್ಟಕ್ಕ ಏಳ್ತಿ?”

“ಐದಕ್ಕ ಏಳ್ತೇನ್ರಿ. ಅಂಗಳಾ ಕಸಾ ಹೊಡದು, ರೊಟ್ಟಿ ಮಾಡಿ, ಎಲ್ಲಾರಿಗೂ ಬುತ್ತಿ ಕಟ್ಟಿ ಬರ್ತೇನ್ರಿ.”

ಪಕ್ಕದವಳಿಗೆ ಭಜಿ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಅವಳು ಇಬ್ರಾಹಿಂಪುರದವಳು, ವಿಜಯಪುರ ಊರೊಳಗಿನವಳೇ. ನೀರು ಕುಡಿದು ಸುಧಾರಿಸಿಕೊಂಡು, “ಇಕಿ ಭಾಳ ಸಾಧಾ ಹುಡುಗಿ ಅದಾಳ್ರಿ. ದನಿ ಎತ್ತಿದ್ದ ನಾವು ಕೇಳಿಲ್ಲ” ಎಂದಳು. ಮೂರನೆಯವಳು ಮಹಾರಾಷ್ಟ್ರದ ಜತ್ತ ಕಡೆಯವಳು, ಹಾಸ್ಟೆಲಿನಲ್ಲಿ ಇರುವವಳು. “ಅಡಿಗಿನೂ ಏಕದಂ ಭಾರಿ ಮಾಡ್ತಾಳ್ರಿ” ಎಂದು ಸೇರಿಸಿದಳು.

ಅಡಿಗೆಯ ಮಾತು ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. ಹುಡುಗಿಯರು ತಮ್ಮೊಳಗೆ ಅನ್ಯೋನ್ಯ ಇದ್ದಾರೆ ಎಂದುಕೊಂಡು ಮುಂದೆ ಕೇಳಿದೆ.

“ಒಳಗ ಹೆಂಗೈತಿ? ನೀರು-ಗೀರು?”

“ಫಿಲ್ಟರ್ ನೀರ್ರಿ.”

“ಸರ್ ಮಂದಿ?”

“ತಂದಿ ಇದ್ದಂಗ ಅದಾರ್ರಿ.”

“ಬಸ್ಸಿನ್ಯಾಗ ಗಂಡು ಹುಡುಗ್ರು?”

“ಅವ್ರು ನಮ್ಮ ಕಡೆ ತಲಿ ಎತ್ತಿ ನೋಡೂದಿಲ್ರಿ,” ಎಂದು ಬಬಲೇಶ್ವರದವಳು ನೆಲ ನೋಡುತ್ತ ಹೇಳಿದಳು. “ನಾವಂತೂ ಮೊದಲ ನೋಡೂದಿಲ್ರಿ.”

ಹೀಗೆ ಕೇಳಿದ್ದಕ್ಕೆಲ್ಲ ಚಲೋ ಉತ್ತರಗಳೇ ಬಂದವು. ಹಿರಿಯಳು ಹೇಳುತ್ತಿದ್ದದ್ದೂ ಇದನ್ನೇ. ಒಂದೇ ಒಂದು ಕೊರತೆ ಇಲ್ಲದ ಜಾಗದಲ್ಲಿ ಅವಳಿಗೆ ಯಾಕೆ ಹಾಗಾಯಿತು ಎಂದು ನಾನು ಯೋಚಿಸುತ್ತಿರುವಾಗ ಇಬ್ರಾಹಿಂಪುರದವಳು ಕೇಳಿದಳು: “ನಿಮ್ಮ ಮಗ ಏನ್ ಮಾಡ್ತಾನ್ರಿ?”

“ನನಗ ಗಂಡುಮಕ್ಕಳಿಲ್ಲವ್ವಾ.”

ಮೂವರೂ ಭಜಿ ತಿನ್ನುವುದನ್ನು ನಿಲ್ಲಿಸಿದರು.

“ಹಂಗಾದ್ರ ಯಾರಿಗೆ ನೋಡಾಕತ್ತೀರಿ?”

ಅಂಗಡಿಯ ಹೆಂಗಸು ಜಾಲರಿಯಿಂದ ಎಣ್ಣೆ ಸೋರಿಸುತ್ತ, “ನಾನೂ ನಿಮ್ಮ ತಮ್ಮನ ಮಗನಿಗಿ ಹೆಣ್ಣು ನೋಡಾಕ ಬಂದಿರಬೇಕಂತ ಮಾಡಿದ್ನಿ. ವಾರಕ್ಕೊಬ್ಬರು ಬಂದು ಇದ ಬೆಂಚಿನ ಮ್ಯಾಲ ಕೂಡ್ತಾರ,” ಎಂದಳು.

ಆಗ ನನಗೆ ಅರ್ಥವಾಯಿತು. ಯಾಕೆ ಕೇಳುತ್ತಿದ್ದೇನೆಂದು ಹೇಳಬಾರದು ಎಂಬ ಮನೆಯವರ ಮಾತನ್ನು ಬಿಟ್ಟು ಹೇಳಿದೆ: “ಹುಡುಗಿ ನೋಡಾಕ ಬಂದಿಲ್ಲವ್ವಾ. ಯುನಿವರ್ಸಿಟಿ ನೋಡಾಕ ಬಂದೇನಿ. ಮಗಳನ್ನ ಹಚ್ಚೂದೈತಿ.”

ಬಬಲೇಶ್ವರದವಳು ದುಪ್ಪಟ್ಟಾವನ್ನು ತಲೆಯಿಂದ ಕೆಳಗಿಳಿಸಿದಳು. “ಇದನ್ನ ಮೊದ್ಲ ಹೇಳಬಾರದೇನ್ರಿ? ನಾ ಸುಮ್ನ ಐದಕ್ಕ ಎದ್ದೆ.”

ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಅವರು ನನ್ನ ಬೆಂಚಿಗೇ ಬಂದು ಕೂತರು. ಐದು ನಿಮಿಷದ ಹಿಂದೆ ಬಂಗಾರವಾಗಿದ್ದ ಮನೆತನದ ಹುಳುಕು ಒಂದೊಂದಾಗಿ ಹೊರಬಿತ್ತು.

“ಬಸ್ಸಿನ ಸುದ್ದಿ ಮೊದಲ ಕೇಳ್ರಿ,” ಎಂದಳು ಬಬಲೇಶ್ವರದವಳು. ದನಿ ಎತ್ತದವಳ ದನಿ ಗೇಟಿನತನಕ ಹೋಗುತ್ತಿತ್ತು. “ಕಿಡಕ್ಯಾಗ ಬ್ಯಾಗ್ ಒಗದು ಸೀಟ್ ಹಿಡೀಬೇಕು. ಮೊನ್ನೆ ಬ್ಯಾಗ್ ಒಗದ್ನಿ, ಒಳಗ ಬಿತ್ತು, ನಾ ಹತ್ತೂದ್ರಾಗ ಬಸ್ ಬಿಟ್ಟ. ನನ್ನ ಬ್ಯಾಗ್ ಆರಾಮ ಕುಂತು ಊರಿಗೆ ಹೋತು, ನಾ ಇಲ್ಲಿ ನಿಂತೆ. ಮತ್ತ ನಮ್ಮ ಕಡೀ ಕ್ಲಾಸು ನಾಕೂವರಿತನಕ ಐತ್ರಿ, ಬಸ್ಸು ನಾಕಕ್ಕ. ಕಡೀ ಪಾಠ ಕೇಳಿದ್ದ ಇಲ್ಲ. ಯಾವ ಪುಸ್ತಕ ತಗೀರಿ, ಅದರಾಗಿನ ಕಡೀ ಭಾಗ ನಮಗ ಗೊತ್ತಿಲ್ಲ.”

“ಆ ಪಾಠ ನಾ ಒಬ್ಬಾಕಿನ ಕೇಳ್ತೇನ್ರಿ,” ಎಂದಳು ಹಾಸ್ಟೆಲಿನವಳು. “ಇವ್ರೆಲ್ಲಾ ಹೋದ ಮ್ಯಾಲ ಇಲ್ಲಿ ನಾಯಿ ಮತ್ತ ನಾವು. ಇಷ್ಟು ದೊಡ್ಡ ಜಾಗಾ, ನಾಕು ಹೊಡೀತಂದ್ರ ಸಂತಿ ಎದ್ದು ಹೋದ ಬಯಲು. ಬೀದರದವ್ರು ಅದಾರ, ಬೆಳಗಾವಿಯವ್ರು ಅದಾರ, ಮೈಸೂರು ಕಡೆಯವ್ರೂ ಅದಾರ. ಎಲ್ಲಾರೂ ಕೂಡಿ ಬೆರೀರಿ ಅಂತ ಸರ್ ಭಾಷಣ ಮಾಡ್ತಾರ. ಭಾಷಣಾ ಮುಗಿಯೂ ಮುಂದ ಹೊಳ್ಳಿ ನೋಡಿದ್ರ ಹಾಲ್ ಖಾಲಿ. ಬಸ್ ಬಂದಿರ್ತೈತಿ.”

“ಬಸ್ಸಿನವ್ರಿಗೆ ಬಸ್ಸಿನ್ಯಾಗರ ಗೆಳತ್ಯಾರು ಆಗ್ತಾರ. ನಾ ಊರಾಕಿ, ಗಾಡಿ ಮ್ಯಾಲ ಬರ್ತೇನಿ. ನನಗ ಬಸ್ಸಿಲ್ಲ, ಗೆಳತ್ಯಾರೂ ಇಲ್ಲ,” ಎಂದಳು ಇಬ್ರಾಹಿಂಪುರದವಳು.

“ಮತ್ತ ನಾವ್ಯಾರು ಬೇ?”

“ನೀವು ಭಜಿ ಗೆಳತ್ಯಾರು. ಭಜಿ ಮುಗೀತಂದ್ರ ನೀವ್ಯಾರೋ ನಾವ್ಯಾರೋ.”

ಹೆಣ್ಣುಮಕ್ಕಳ ಪಾಯಖಾನೆಯ ಕೀಲಿ ಆಫೀಸಿನ ಒಬ್ಬ ಸಿಪಾಯಿಯ ಕೈಯಲ್ಲಿ ಇರುತ್ತದಂತೆ. ಸಿಪಾಯಿ ಊಟಕ್ಕೆ ಹೋದರೆ ಕೀಲಿಯೂ ಊಟಕ್ಕೆ ಹೋಗುತ್ತದಂತೆ. ಅದಕ್ಕಾಗಿ ಹುಡುಗಿಯರು ಮಧ್ಯಾಹ್ನದತನಕ ನೀರು ಕುಡಿಯುವುದಿಲ್ಲವಂತೆ. ಫಿಲ್ಟರ್ ನೀರು ಇರುವುದು ಮಾತ್ರ ಖರೆಯಂತೆ.

ನಾನು ಯಾವುದಕ್ಕಾಗಿ ಬಂದಿದ್ದೆನೋ ಅದನ್ನು ಕಡೆಗೆ ಕೇಳಿದೆ. “ಮೈಯಾಗ ಆರಾಮ ಇಲ್ಲದಿದ್ರ? ರಜಾ ಕೊಡ್ತಾರೇನು?”

“ಹಾಜರಿ ಭಾಳ ಬಿಗಿ ಐತ್ರಿ,” ಎಂದಳು ಬಬಲೇಶ್ವರದವಳು. “ಆರಾಮ ಇಲ್ಲಂದ್ರ ಡಾಕ್ಟರ್ ಚೀಟಿ ತರ್ರಿ ಅಂತಾರ. ಚೀಟಿ ತರಾಕ ಒಂದಿನ, ಕೊಡಾಕ ಒಂದಿನ. ಅದಕ್ಕಿಂತ ಬಂದು ಬೆಂಚಿನ ಮ್ಯಾಲ ತಲಿ ಇಟ್ಟು ಮಲಗೂದ ಸರಳ. ಹೋದ ವರ್ಷ ಒಬ್ಬಾಕಿ ತೀರಿಕೊಂಡ್ಳಲ್ರಿ, ತಿಕೋಟಾ ಕಡೆಯಾಕಿ. ಜ್ವರದಾಗ ಬರ್ತಿದ್ಲಂತ.”

ಚಹಾದ ಗ್ಲಾಸನ್ನು ನಾನು ಬೆಂಚಿನ ಮೇಲೆ ಇಟ್ಟೆ. “ನಿಮಗ ಪರಿಚಯ ಇತ್ತೇನು?”

“ಇಲ್ರಿ, ಆಕಿದು ಬ್ಯಾರೆ ಡಿಪಾರ್ಟ್‌ಮೆಂಟು. ಎಲ್ಲಾರ್ನೂ ಎರಡು ನಿಮಿಷ ಸುಮ್ಮ ನಿಂದ್ರಿಸಿದ್ರು. ಆಮ್ಯಾಲ ಸೂಟಿ ಕೊಟ್ರು. ಅವತ್ತ ನನಗ ಮಧ್ಯಾಹ್ನದ ಬಸ್ ಸಿಕ್ತು. ಬಸ್ ಖಾಲಿ ಇತ್ರಿ, ಕಿಡಕಿ ಕಡೆ ಸೀಟು. ಇಷ್ಟು ಲಗೂ ಮನಿ ಮುಟ್ಟಿದ್ದು ಅವತ್ತ ಒಂದ ದಿನ.”

“ಅದು ಲವ್ ಮ್ಯಾಟರ್ ಅಂತ ಅಂತಿದ್ರಲ್ಲ?” ಎಂದಳು ಇಬ್ರಾಹಿಂಪುರದವಳು.

“ಸುಮ್ಮಿರ ಬೇ. ಸತ್ತ ಹುಡುಗ್ಯಾರಿಗೆಲ್ಲಾ ಲವ್ ಹಚ್ಚಬ್ಯಾಡ. ಜ್ವರ ಅದು.”

ಆಕೆ ನನ್ನ ಮಗಳು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ದುಪ್ಪಟ್ಟಾ ಮತ್ತೆ ತಲೆಗೆ ಏರುತ್ತಿತ್ತು. ಅವಳು ಬಹಳ ಒಳ್ಳೆಯವಳಿದ್ದಳು, ಎಲ್ಲರಿಗೂ ಬೇಕಾದವಳಿದ್ದಳು, ಎಲ್ಲರೂ ಅತ್ತರು ಎನ್ನುತ್ತಿದ್ದರು. ಅಂಥದ್ದನ್ನು ನಾನು ಮಣ್ಣಿಗೆ ಬಂದವರ ಬಾಯಲ್ಲಿ ಸಾಕಷ್ಟು ಕೇಳಿದ್ದೆ. ರಜೆ ಕೊಟ್ಟ ಆ ಸೂಟಿಯ ಸುದ್ದಿ ಯಾರೂ ಹೇಳಿರಲಿಲ್ಲ. ಆ ದಿನ ಮಧ್ಯಾಹ್ನವೇ ಒಂದು ಹುಡುಗಿ ಕಿಡಕಿಯ ಪಕ್ಕ ಕೂತು ಬಬಲೇಶ್ವರ ಮುಟ್ಟಿದ್ದಳು. ನಮ್ಮ ಮನೆಯ ಮುಂದೆ ಮಂದಿ ಸೇರಿದ್ದೂ ಅದೇ ಹೊತ್ತಿಗೆ ಇರಬೇಕು.

“ಚಲೋ ಆತು ಬಿಡು,” ಎಂದೆ. ಅದನ್ನು ಕೊಂಕಿನಿಂದ ಹೇಳಲಿಲ್ಲ. ಆ ದಿನದಿಂದ ಯಾರಿಗಾದರೂ ಏನಾದರೂ ಸಿಕ್ಕಿದ್ದು ನನಗೆ ಗೊತ್ತಾದದ್ದು ಅದೊಂದೇ.

ಆಮೇಲೆ ಕೇಳಿದೆ: “ಇಷ್ಟೆಲ್ಲಾ ತ್ರಾಸ ಇದ್ರ ಬಿಟ್ಟುಬಿಡಬಾರದೇನು?”

“ಬಿಟ್ಟು?” ಎಂದಳು ಬಬಲೇಶ್ವರದವಳು. “ಮನ್ಯಾಗ ಕುಂತ್ರ ದಿನಾ ನಿಮ್ಮಂಥಾವ್ರು ಬಂದು ನೋಡಿ ಹೋಗ್ತಾರ್ರಿ.”

“ಮನ್ಯಾಗ ಬೈಯಾಕ ಬರೂದಿಲ್ರಿ,” ಎಂದಳು ಹಾಸ್ಟೆಲಿನವಳು. “ಇಲ್ಲಿ ಹೊಟ್ಟಿತುಂಬ ಬೈತೇವಿ. ಯಾರೂ ಕೇಳೂದಿಲ್ಲ.”

ಒಳಗೆ ಗಂಟೆ ಬಾರಿಸಿತು. ಅವರು ಓಡಿದರು. ಕಮಾನು ದಾಟುವಾಗ ಬಬಲೇಶ್ವರದವಳು ಹೊಳ್ಳಿ ನಿಂತು, “ಹಚ್ರಿ, ಆದ್ರ ಬ್ಯಾಗ್ ಒಗಿಯೂದು ಕಲಿಸಿ ಕಳಸ್ರಿ” ಎಂದು ಕೂಗಿದಳು.

ಸಂಜೆ ಮನೆಯವರು ಶೆಡ್ಡಿನಿಂದ ಬಂದು ಕಾಲು ತೊಳೆದು ಕೂತರು. “ಏನಂದ್ರು?”

“ಒಬ್ರೂ ಚಲೋ ಅನ್ನಲಿಲ್ಲ.”

ಕೀಲಿಯ ಸಂಗತಿ ಹೇಳಿದೆ, ಕಡೆಯ ಪಾಠದ ಸಂಗತಿ ಹೇಳಿದೆ, ಡಾಕ್ಟರ್ ಚೀಟಿಯದ್ದೂ ಹೇಳಿದೆ. ನನ್ನನ್ನು ಸೊಸೆ ಹುಡುಕುವವಳು ಎಂದುಕೊಂಡದ್ದನ್ನು ಹೇಳಿದಾಗ ಅವರ ಮೀಸೆ ಅಲುಗಿತು. ಬ್ಯಾಗೊಂದೇ ಊರಿಗೆ ಹೋದದ್ದನ್ನು ಹೇಳಿದಾಗ ನಕ್ಕುಬಿಟ್ಟರು. ನಮ್ಮ ಮನೆಯಲ್ಲಿ ವರ್ಷದಿಂದ ಆ ಸಪ್ಪಳ ಕೇಳಿರಲಿಲ್ಲ.

“ಮುಂದ ಬ್ಯಾಗಿಂದು ಏನಾತು?”

ಅದನ್ನು ನಾನು ಕೇಳಿದ್ದೆ. “ಕಂಡಕ್ಟರ್ ಅವ್ರ ಮನಿಗೆ ಮುಟ್ಟಿಸಿದ್ನಂತ. ಬ್ಯಾಗ್ ಬಂತು, ಮಗಳು ಬರಲಿಲ್ಲ ಅಂತ ಅವರವ್ವ ಬರಿಗಾಲಲೇ ಬಸ್‌ಸ್ಟ್ಯಾಂಡಿಗೆ ಓಡಿ ಬಂದಿದ್ಲಂತ.”

ಅವರ ನಗು ನಿಂತಿತು. ಸೂಟಿಯ ಮಾತನ್ನು ನಾನು ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಅವರು, “ಅಷ್ಟು ಬೈದವ್ರೊಳಗ ಯಾರರ ಬಿಟ್ಟು ಹೋಗ್ತೇವಿ ಅಂದ್ರೇನು?” ಎಂದು ಕೇಳಿದರು.

“ಇಲ್ಲ.”

ಅಡಿಗೆಮನೆಯ ಬಾಗಿಲಲ್ಲಿ ಕಿರಿಯಳು ಬಂದು ನಿಂತಿದ್ದಳು, ಕೈಗೆಲ್ಲ ಹಿಟ್ಟು. “ಇದನ್ನ ಕೇಳಾಕ ಅಲ್ಲಿತನಕ ಹೋಗಿದ್ಯೇನು ಯವ್ವಾ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಕೀಲಿ ಸಿಪಾಯಿ ಕಡೆ ಇರ್ತೈತಿ. ಲೈಬ್ರರಿಯಾಗ ಪುಸ್ತಕ ಅದಾವ, ಕೊಡಾವ ಇರೂದಿಲ್ಲ. ಬಸ್ಸಿನ್ಯಾಗ ಇಟ್ಟಂಗಿಹಾಳತನಕ ಒಂದ ಕಾಲಲೇ ನಿಂದ್ರಬೇಕು.”

“ನಿನಗ ಯಾರು ಹೇಳಿದ್ರು?”

“ಅಕ್ಕ. ದಿನಾ ಹಾಸಿಗಿ ಮ್ಯಾಲ ಬಿದ್ದು ಬೈತಿದ್ಲು.”

“ನಮ್ಮ ಮುಂದ ಚಲೋ ಐತಿ ಅಂತಿದ್ಲು,” ಎಂದರು ಮನೆಯವರು.

“ನಿಮ್ಮ ಮುಂದ ಹಂಗ ಅನ್ನಬೇಕಾಗ್ತೈತಿ. ಇಲ್ಲಂದ್ರ ಬಿಡಸ್ತೀರಿ.”

ಹೆತ್ತವರಾದ ನಮ್ಮನ್ನು ಹಿರಿಯಳು ಸಂಬಂಧ ವಿಚಾರಿಸಲು ಬಂದವರ ಸಾಲಿನಲ್ಲಿ ಕೂಡಿಸಿದ್ದಳು. ಕೂಡಿಬಂದದ್ದು ಕೆಡಬಾರದೆಂದು ಎಲ್ಲವನ್ನೂ ಚಲೋ ಎಂದಿದ್ದಳು, ಬಸ್ಸನ್ನೂ, ಸರ್ ಮಂದಿಯನ್ನೂ, ಕಡೆಗೆ ಜ್ವರವನ್ನೂ. ನಾವು ಪೂರಾ ನಂಬಿದ್ದೆವು.

ಮನೆಯವರು ಕಿರಿಯಳ ಮುಖ ನೋಡದೆ ಕೇಳಿದರು: “ಆಕಿಗೆ ಬಿಡಬೇಕು ಅಂತ ಅನಿಸಿತ್ತೇನು?”

ಅವಳು ಹಿಟ್ಟಿನ ಕೈ ಒಂದಕ್ಕೊಂದು ತಿಕ್ಕಿದಳು. “ಇಲ್ಲ ಯಪ್ಪಾ. ಐತಾರ ಬಂತಂದ್ರ ನನ್ನ ಕೂಡ ಜಗಳಾ ತಗೀತಿದ್ಲು. ಮನ್ಯಾಗ ಹೊತ್ತ ಹೋಗವಲ್ದು ಅಂತ.”

“ಹಂಗಾರ ಹೋಗು,” ಎಂದರು. “ಒಂದ ಮಾತು. ಚಲೋ ಐತಿ ಅಂತ ನನ್ನ ಮುಂದ ಅನ್ನಬ್ಯಾಡ. ಏನಾಗೈತಿ ಅದನ್ನ ಹೇಳು. ಬಿಡಸೂದಿಲ್ಲ.”

ಈಗ ಅವಳು ಹೋಗಿ ಬಂದು ಮಾಡುತ್ತಿದ್ದಾಳೆ. ಕೊಟ್ಟ ಮಾತನ್ನು ಸ್ವಲ್ಪ ಹೆಚ್ಚೇ ನಡೆಸುತ್ತಿದ್ದಾಳೆ. ಚಪ್ಪಲಿ ಬಿಡುವಾಗ ಶುರುವಾದ ಬೈಗುಳ ಊಟದತನಕ ನಡೆಯುತ್ತದೆ. ಫ್ಯಾನು ತಿರುಗಲಿಲ್ಲ, ಸರ್ ಬರಲಿಲ್ಲ, ಬಂದ ಸರ್ ಬರದಿದ್ದರೆ ಚಲೋ ಇತ್ತು. ಮನೆಯವರು ಕೂತು ಕೇಳುತ್ತಾರೆ. ಅವಳು ನಡುವೆ ನಿಲ್ಲಿಸಿದರೆ, “ಮುಂದ?” ಎನ್ನುತ್ತಾರೆ. ಶೆಡ್ಡಿನಲ್ಲಿ ಆರಿಸುವ ಹೆಂಗಸರಿಗೂ ಆ ಯುನಿವರ್ಸಿಟಿಯ ಕೊರತೆಗಳು ಈಗ ಬಾಯಿಪಾಠ ಆಗಿವೆ ಎಂದು ಕೇಳಿದ್ದೇನೆ.

ಹೋದ ವಾರ ಹೀಗೇ ಬೈಯುತ್ತ ಬೈಯುತ್ತ ಗಂಟಲು ನೋಯಾಕತ್ತೈತಿ ಎಂದಳು. ಅವರು ತಾಟು ಬಿಟ್ಟೆದ್ದು ಎಡಗೈಯಿಂದ ಅವಳ ಹಣೆ ಮುಟ್ಟಿದರು. ಬಿಸಿ ಇರಲಿಲ್ಲ. ಆದರೂ, “ನಾಳೆ ಬ್ಯಾಡ” ಎಂದರು.

“ನಾಳೆ ಟೆಸ್ಟ್ ಐತಿ ಯಪ್ಪಾ.”

“ಇರ್ಲಿ.”

“ಹಾಜರಿ ಹೋಗ್ತೈತಿ.”

“ಹೋಗ್ಲಿ.”

ಮರುದಿನ ಅವಳು ಮನೆಯಲ್ಲೇ ಉಳಿದಳು. ಆ ದಿನ ಯುನಿವರ್ಸಿಟಿಯ ಬಗ್ಗೆ ಒಂದು ಕೆಟ್ಟ ಮಾತೂ ಅವಳ ಬಾಯಿಂದ ಬರಲಿಲ್ಲ. ಸಂಜೆಯತನಕ ನಮ್ಮಿಬ್ಬರನ್ನೇ ಬೈದಳು, ಓಣಿಗೆ ಕೇಳುವ ಹಾಗೆ. ಗಂಟಲು ನೆಟ್ಟಗಾಗಿದೆ ಎಂದು ಅದರಿಂದಲೇ ನಮಗೆ ಗೊತ್ತಾಯಿತು.